ಹಿಂದಿನ ಸೀಟಿನ ಸಂಕಟ

ನಾನು ಸುಮತಿ ಕಾಕುವಿನ ಜೀವ ಉಳಿಸಿದೆನಂತೆ.

ಕೋಲ್ಕತ್ತದ ಕನ್ನಡಿಗರ ವಾಟ್ಸ್ಆಪ್ ಗ್ರೂಪು ಮೂರು ವಾರದಿಂದ ಇದನ್ನೇ ಹೇಳುತ್ತಿದೆ. ಕೈಮುಗಿದ ಇಮೋಜಿಗಳು ಸಾಲುಸಾಲು. ಹೂಗುಚ್ಛಗಳು ಬೇರೆ. "ಕನ್ನಡದ ಹೆಮ್ಮೆಯ ಮಗಳು" ಅಂತ ಒಬ್ಬರು ಬರೆದಿದ್ದಾರೆ (ಅವರಿಗೆ ನನ್ನ ಹೆಸರು ಗೊತ್ತಿಲ್ಲ, ಹಾಗಾಗಿ ಮಗಳು). ಕಾಕುವಿನ ತಂಗಿ ಶಾರದಾ ಅವರು ಫೋನಿನಲ್ಲೇ ಈ ಕಥೆಯನ್ನು ಧಾರವಾಡದವರೆಗೆ ಮುಟ್ಟಿಸಿದ್ದಾರೆ. ಕಥೆ ಹೀಗಿದೆ: ಕಾರಿನಲ್ಲಿ ಹೋಗುತ್ತಿರುವಾಗ ಕಾಕುಗೆ ಹಾರ್ಟ್ ಅಟ್ಯಾಕ್ ಆಯಿತು, ಜೊತೆಗಿದ್ದ ಹುಡುಗಿ ತಕ್ಷಣ ಗುರುತಿಸಿದಳು, ತಕ್ಷಣ ಕಾರನ್ನು ಆಸ್ಪತ್ರೆಗೆ ತಿರುಗಿಸಿದಳು, "ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು" ಅಂದರು ಡಾಕ್ಟರು.

ಡಾಕ್ಟರ ಮಾತು ನಿಜ. ಉಳಿದದ್ದಕ್ಕೆ ನನ್ನ ಆಕ್ಷೇಪಣೆ ಇದೆ.

"ತಕ್ಷಣ" ಅನ್ನುವ ಪದವನ್ನು ಎರಡು ಸಲ ಬಳಸಿದ್ದಾರೆ. ಎರಡೂ ಸಲ ಸುಳ್ಳು. ಕಾಕು ತಮಗೇನೋ ಆಗುತ್ತಿದೆ ಅಂತ ಬಾಯಿಬಿಟ್ಟು ಹೇಳಿದ್ದಕ್ಕೂ ಕಾರು ಆಸ್ಪತ್ರೆಯ ಗೇಟು ಮುಟ್ಟಿದ್ದಕ್ಕೂ ನಡುವೆ ಇಪ್ಪತ್ತೇಳು ನಿಮಿಷ ಇದೆ. ಇಪ್ಪತ್ತೇಳು. ಅಷ್ಟೂ ನಿಮಿಷ ನಾನು ಮಾತಾಡುತ್ತಿದ್ದೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಗೆದ್ದ ಕಪ್‌ಗಳನ್ನಿಡಲು ಅಮ್ಮ ಶೋಕೇಸಿನ ಗೊಂಬೆಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದಾಳೆ. ವಿಷಯ ಯಾವುದೇ ಇರಲಿ, ಪರವೂ ಮಾತಾಡಬಲ್ಲೆ, ವಿರೋಧವೂ ಮಾತಾಡಬಲ್ಲೆ. ಇವತ್ತು ನನ್ನ ವಿರುದ್ಧವೇ ಮಾತಾಡಬೇಕಾಗಿದೆ.

ಮೊದಲು ನನ್ನ ಕಾಯಿಲೆಯ ವಿಷಯ. ಯಾಕೆಂದರೆ ಎಲ್ಲವೂ ಅಲ್ಲಿಂದಲೇ ಶುರು.

ನನಗೆ ಕಾರು ಆಗುವುದಿಲ್ಲ. ಬಸ್ಸು ಪರವಾಗಿಲ್ಲ. ಲೋಕಲ್ ಟ್ರೇನಿನ ಬಾಗಿಲ ಹತ್ತಿರ ನಿಂತರೆ ಆರಾಮ. ಹೌರಾಗೆ ಹೋಗುವ ದೋಣಿಯಲ್ಲಿ ಕಡಲೆಕಾಯಿ ತಿನ್ನುತ್ತಾ ಹೋಗಬಲ್ಲೆ. ಕಾರು ಮಾತ್ರ, ಅದರಲ್ಲೂ ಎಸಿ ಹಾಕಿ, ಕಿಟಕಿ ಏರಿಸಿ, ಮಲ್ಲಿಗೆ ವಾಸನೆಯ ಬಾಟಲಿ ನೇತುಹಾಕಿದ ಕ್ಯಾಬು ಇದೆಯಲ್ಲ, ಅದು ನನ್ನ ಶತ್ರು. ಎಂಟನೇ ನಿಮಿಷಕ್ಕೆ ಮೊದಲ ಆಕಳಿಕೆ. ಆಮೇಲೆ ಬಾಯಲ್ಲಿ ನೀರು. ಆಮೇಲೆ ಕಿವಿಯ ಹಿಂದೆ ತಣ್ಣನೆಯ ಬೆವರು. ಆಮೇಲೆ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಲು ಶುರು ಮಾಡುತ್ತಾರೆ.

ಕಾರಣ ಸರಳ. ಕಿವಿಯೊಳಗಿನ ಯಂತ್ರ "ಓಡುತ್ತಿದ್ದೇವೆ" ಅನ್ನುತ್ತೆ. ಮುಂದಿನ ಸೀಟಿನ ಬೆನ್ನು ನೋಡುತ್ತಿರುವ ಕಣ್ಣು "ಎಲ್ಲಿ, ಕೂತೇ ಇದ್ದೇವಲ್ಲ" ಅನ್ನುತ್ತೆ. ಇಬ್ಬರು ಸಾಕ್ಷಿಗಳು, ಎರಡು ಹೇಳಿಕೆ. ಮೆದುಳಿಗೆ ಯಾರನ್ನು ನಂಬಬೇಕೋ ತಿಳಿಯುವುದಿಲ್ಲ, ಹೊಟ್ಟೆಗೆ ಶಿಕ್ಷೆ ಕೊಡುತ್ತೆ.

ವಾಂತಿಯೇ ಕಷ್ಟ ಅಂತ ಜನ ತಿಳಿದಿದ್ದಾರೆ. ವಾಂತಿಯಾದರೆ ಒಂದು ರೀತಿ ಬಿಡುಗಡೆ ಸ್ವಾಮಿ. ಭಯವೆಲ್ಲ ಅದರ ಹಿಂದಿನ ಅರ್ಧ ಗಂಟೆಯಲ್ಲಿದೆ. ಈ ಸಿಗ್ನಲ್ ದಾಟುತ್ತೇನಾ? ಆ ಫ್ಲೈಓವರಿನ ಮೇಲೆ ನಿಲ್ಲಿಸುವ ಹಾಗಿಲ್ಲವಲ್ಲ, ಆಗ ಬಂದರೆ? ಕವರ್ ಎಡ ಜೇಬಲ್ಲಿದೆಯಾ, ತೂತಾಗಿಲ್ಲ ತಾನೇ? ಕಾರಿನಲ್ಲಿ ಉಳಿದವರು ಸಿನಿಮಾದ ಬಗ್ಗೆ ಮಾತಾಡುತ್ತಿರುತ್ತಾರೆ. ನಾನು ಡ್ಯಾಶ್‌ಬೋರ್ಡಿನ ಗಡಿಯಾರ ನೋಡುತ್ತಾ, ನಿಮಿಷಕ್ಕೆ ನಿಮಿಷ ಸೇರಿಸುತ್ತಾ, ಬದುಕಿರುತ್ತೇನೆ.

ಇದಕ್ಕೆ ಬರುವ ಉಪದೇಶಗಳೋ! ನಿಂಬೆಹಣ್ಣು ಮೂಸು. ಸೀಟಿನ ಮೇಲೆ ನ್ಯೂಸ್‌ಪೇಪರ್ ಹಾಸಿ ಕೂರು (ಯಾವ ಪತ್ರಿಕೆ ಅಂತ ಕೇಳಿದ್ದೇನೆ, ಉತ್ತರ ಬಂದಿಲ್ಲ). ಖಾಲಿ ಹೊಟ್ಟೆಯಲ್ಲಿ ಹೋಗು. ತುಂಬಿದ ಹೊಟ್ಟೆಯಲ್ಲಿ ಹೋಗು. ಎಲ್ಲಕ್ಕಿಂತ ದೊಡ್ಡದು: "ಎಲ್ಲಾ ಮನಸ್ಸಲ್ಲಿರೋದು. ಯೋಚ್ನೆ ಮಾಡ್ಬೇಡ, ಏನೂ ಆಗಲ್ಲ." ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ನನ್ನ ಹೊಟ್ಟೆಯೊಳಗೆ ಏನಾಗುತ್ತಿದೆ ಅಂತ ನನಗಿಂತ ಚೆನ್ನಾಗಿ ಮುಂದಿನ ಸೀಟಿನವರಿಗೆ ಗೊತ್ತು!

ಹಾಗಾಗಿ ನಾನೇ ನಿಯಮ ಮಾಡಿಕೊಂಡೆ. ಮುಂದಿನ ಸೀಟು ನನ್ನದು, ಯಾರಿಗೂ ಬಿಡುವುದಿಲ್ಲ. ಫೋನ್ ಮುಟ್ಟುವುದಿಲ್ಲ. ಬಾಯಲ್ಲಿ ಶುಂಠಿ ಪೆಪ್ಪರಮಿಂಟು. ಕಣ್ಣು ದೂರದ ಒಂದು ವಸ್ತುವಿನ ಮೇಲೆ. ಮತ್ತೆ, ತಲೆ ತಿರುಗಿಸಬಾರದು. ಯಾರು ಕರೆದರೂ, ಹಿಂದೆ ಏನು ಬಿದ್ದರೂ. ಒಂದು ಸಲ ಹಿಂದೆ ತಿರುಗಿದೆನೋ, ಕಥೆ ಮುಗಿಯಿತು.

ಈಗ ಕಾಕು.

ಸುಮತಿ ಕಾಕು ಧಾರವಾಡದವರು. ನಲವತ್ತು ವರ್ಷದ ಹಿಂದೆ ಇಲ್ಲಿನ ಶಾಲೆಯೊಂದಕ್ಕೆ ಗಣಿತ ಕಲಿಸಲು ಬಂದವರು ಇಲ್ಲೇ ನಿಂತರು. ಮದುವೆಯಾಗಲಿಲ್ಲ. ರಿಟೈರಾಗಿ ಲೇಕ್ ಗಾರ್ಡನ್ಸಿನಲ್ಲಿ, ರೈಲ್ವೆ ಸ್ಟೇಷನ್ನಿಗೆ ಕೂಗಳತೆಯ ಫ್ಲಾಟಿನಲ್ಲಿದ್ದಾರೆ. ಅವರ ಕಡೆ ಚಿಕ್ಕಮ್ಮನನ್ನು ಕಾಕು ಅನ್ನುತ್ತಾರೆ, ಇಲ್ಲಿನ ಕನ್ನಡಿಗರ ಮಕ್ಕಳಿಗೆಲ್ಲ ಅವರು ಕಾಕು. ತಮಾಷೆಯೆಂದರೆ ಬಂಗಾಳಿಯಲ್ಲಿ ಕಾಕು ಅಂದರೆ ಚಿಕ್ಕಪ್ಪ.

ನಾನು ಜಾದವ್‌ಪುರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು, ಮೈಸೂರಿನವಳು, ಹಾಸ್ಟೆಲ್ ಮೆಸ್ಸಿನ ಮೀನಿನ ಸಾರಿಗೆ ಇನ್ನೂ ಒಗ್ಗದವಳು. ಭಾನುವಾರ ಕಾಕು ಮನೆಯಲ್ಲಿ ನನಗೆ ರೊಟ್ಟಿ ಊಟ. ಊಟವಾದ ಮೇಲೆ ವಾದ. ದೇವರಿದ್ದಾನೋ ಇಲ್ಲವೋ, ಸೊನ್ನೆ ಸಂಖ್ಯೆಯೋ ಅಲ್ಲವೋ, ಗಿರ್ಮಿಟ್ಟಿಗೆ ಈರುಳ್ಳಿ ಹಸಿಯೋ ಬಾಡಿಸಿದ್ದೋ. ಎಲ್ಲ ವಾದವೂ ಒಂದೇ ರೀತಿ ಮುಗಿಯುತ್ತಿತ್ತು. ಕಾಕು ಎರಡೂ ಕೈ ಮೇಲೆತ್ತಿ, "ಆತವ್ವಾ, ನೀನ ಗೆದ್ದಿ" ಅನ್ನುತ್ತಿದ್ದರು. ನಾನು ಅದನ್ನು ಗೆಲುವು ಅಂತಲೇ ಲೆಕ್ಕ ಹಿಡಿಯುತ್ತಿದ್ದೆ.

ಇನ್ನೊಂದು ಮಾತು. "ಎಲ್ಲಾ ಮನಸ್ಸಲ್ಲಿರೋದು" ಅಂತ ನನಗೆ ಒಂದು ದಿನವೂ ಹೇಳದೆ ಇದ್ದವರು ಈ ಊರಿನಲ್ಲಿ ಅವರೊಬ್ಬರೇ.

ಆ ಭಾನುವಾರ ಶಾರದಾ ಅವರು ಬೆಂಗಳೂರಿಂದ ಬರುವವರಿದ್ದರು. ಮಧ್ಯಾಹ್ನ ಒಂದರ ಹೊತ್ತಿಗೆ ರೈಲು ಹೌರಾ ತಲುಪುತ್ತೆ, ಕರೆದುಕೊಂಡು ಬರಲು ಜೊತೆಗೆ ಬಾ ಅಂದರು ಕಾಕು. ಕಾರು! "ಹೋಗ್ತಾ ಟ್ರೇನಲ್ಲಿ ಹೋಗೋಣ ಕಾಕು" ಅಂದೆ. "ಬ್ಯಾಡವಾ, ಇವತ್ತ ನನಗ ಮೆಟ್ಟಲ ಹತ್ತಿ ಇಳ್ಯೂದ ಆಗೂದಿಲ್ಲ" ಅಂದರು. ಮೆಟ್ಟಿಲು ಯಾಕೆ ಆಗುವುದಿಲ್ಲ? ಕೇಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ಕವರು, ಪೆಪ್ಪರಮಿಂಟು, ಮುಂದಿನ ಸೀಟು ಓಡುತ್ತಿದ್ದವು.

ಕ್ಯಾಬು ಬಂತು. ಡ್ರೈವರ್ ಗೌತಮ್, ನಲವತ್ತೈದರ ಆಸುಪಾಸು. ಮುಂದಿನ ಸೀಟಿನ ಮೇಲಿದ್ದ ಅವರ ಟಿಫಿನ್ ಡಬ್ಬಿ, ನೀರಿನ ಬಾಟಲಿ ಎತ್ತಿಸಿ ಕೂತೆ. ಕಾಕು ಹಿಂದೆ.

"ಕಾಕು, ಸೀಟ್ ಬೆಲ್ಟ್ ಹಾಕ್ಕೊಂಡ್ರಾ?" ಅಂದೆ.

ಡ್ರೈವರ್ ಗಾಬರಿಯಿಂದ ಕನ್ನಡಿ ನೋಡಿದರು. "ಕಾಕು ಕೋಥಾಯ್?" ಚಿಕ್ಕಪ್ಪ ಎಲ್ಲಿ?

"ಆಮಿಯಿ ಕಾಕು" ಅಂದರು ಹಿಂದಿನಿಂದ ಕಾಕು. ನಾನೇ ಚಿಕ್ಕಪ್ಪ. ಮೂವರೂ ನಕ್ಕೆವು. ಆ ದಿನ ಮೂವರೂ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ದುರ್ಗಾಪೂಜೆಗೆ ಇನ್ನೂ ತಿಂಗಳಿತ್ತು, ಆಗಲೇ ಪೆಂಡಾಲಿನ ಬಿದಿರು ರಸ್ತೆಗೆ ಇಳಿದಿತ್ತು. ಒಂದು ಓಣಿ ಬಂದ್, ಇನ್ನೊಂದು ಓಣಿಗೆ ತಿರುಗು. ಬ್ರೇಕು, ಆಕ್ಸಿಲರೇಟರು, ಬ್ರೇಕು, ಆಕ್ಸಿಲರೇಟರು. ನನಗೆ ಏಳನೇ ನಿಮಿಷಕ್ಕೇ ಆಕಳಿಕೆ. ರಾಸಬಿಹಾರಿ ದಾಟುವಷ್ಟರಲ್ಲಿ ಬಾಯಿ ತುಂಬ ನೀರು. ದೂರದ ವಸ್ತು ನೋಡೋಣವೆಂದರೆ ಈ ಊರಿನಲ್ಲಿ ದೂರ ಅನ್ನುವುದೇ ಇಲ್ಲ, ಬಸ್ಸಿನ ಹಿಂಭಾಗ ಇದೆ ಅಷ್ಟೇ.

ಹಾಜ್ರಾ ಸಿಗ್ನಲ್. ಗಡಿಯಾರದಲ್ಲಿ 11.52.

"ಯಾಕೋ ಸಂಕಟ ಆಗ್ಲಿಕ್ಕತ್ತದ ನೋಡವ್ವಾ" ಅಂದರು ಕಾಕು.

ನಾಚಿಕೆಯಿಂದ ಬರೆಯುತ್ತಿದ್ದೇನೆ: ನನಗೆ ಖುಷಿಯಾಯಿತು.

ನಮ್ಮ ಮೈಸೂರಿನ ಮನೆಯಲ್ಲಿ ಸಂಕಟ ಅಂದರೆ ಒಂದೇ ಅರ್ಥ. ವಾಂತಿ ಬರುವ ಹಾಗಾಗುವುದು. ನಾನು ಚಿಕ್ಕವಳಿದ್ದಾಗ "ಸಂಕಟ ಆಗ್ತಿದೆ" ಅಂದರೆ ಅಮ್ಮ ಬಕೆಟ್ ಹಿಡಿದು ಓಡಿ ಬರುತ್ತಿದ್ದಳು. ಇಪ್ಪತ್ತು ವರ್ಷದಿಂದ ಕಾರುಗಳಲ್ಲಿ ಒಬ್ಬಳೇ ಅನುಭವಿಸಿದ್ದು, ಕೊನೆಗೂ ಇನ್ನೊಬ್ಬರಿಗೆ!

"ಬಂದ್ರಾ ನಮ್ಮ ಪಾರ್ಟಿಗೆ?" ಅಂದೆ, ತಲೆ ತಿರುಗಿಸದೆ. "ಎಸಿ ಬೇಡ. ಕಿಟಕಿ ಇಳಿಸಿ. ದೂರದಲ್ಲಿ ಒಂದೇ ಏನಾದ್ರೂ ನೋಡ್ತಾ ಇರಿ. ಉಸಿರು ನಿಧಾನ ಎಳ್ಕೊಳ್ಳಿ."

"ಹಿಂದ ಎಂದೂ ಹಿಂಗ ಆಗಿಲ್ಲ ನನಗ."

"ಯಾವ ವಯಸ್ಸಲ್ಲಾದ್ರೂ ಶುರುವಾಗ್ಬಹುದು ಕಾಕು. ಇವರು ಬ್ರೇಕ್ ಹಾಕ್ತಿರೋ ರೀತಿ ನೋಡಿ, ಎಂಥವರಿಗೂ ಆಗುತ್ತೆ."

"ಹೌದೇನು?"

"ನೂರಕ್ಕೆ ನೂರು."

"ನೀ ಅಂತಿ ಅಂದ್ರ ಖರೆ ಇರಬೇಕು" ಅಂದರು.

ಭುಜದ ಮೇಲಿಂದ ಕೈ ಹಿಂದೆ ಚಾಚಿ ಒಂದು ಶುಂಠಿ ಪೆಪ್ಪರಮಿಂಟು ಕೊಟ್ಟೆ. ತೆಗೆದುಕೊಳ್ಳುವಾಗ ಅವರ ಬೆರಳು ನನ್ನ ಅಂಗೈಗೆ ತಾಗಿತು. ತಣ್ಣಗೆ, ಒದ್ದೆಯಾಗಿತ್ತು. ನೋಡಿದ್ರಾ, ಬೆವರು, ಇನ್ನೊಂದು ಪುರಾವೆ ಅಂದುಕೊಂಡೆ.

ಗೌತಮ್‌ದಾ (ಇಲ್ಲಿ ಅಣ್ಣ ಅನ್ನುವುದಕ್ಕೆ ದಾ) ತಮ್ಮ ಅಭಿಪ್ರಾಯ ಕೊಟ್ಟರು. "ಗ್ಯಾಸ್, ದೀದಿ. ಒಂಬೊಲ್." ಒಂಬೊಲ್ ಅಂದರೆ ಇಲ್ಲಿ ಅಸಿಡಿಟಿ. ಈ ಊರಿನವರು ತಲೆನೋವಿನಿಂದ ಹಿಡಿದು ಮಗ ಫೇಲಾಗಿದ್ದಕ್ಕೂ ಗ್ಯಾಸೇ ಕಾರಣ ಅನ್ನುವ ಜನ.

"ಅಂಬಲಿ ಕುಡದ ಹತ್ತ ವರ್ಷ ಆತು, ಎಲ್ಲೀ ಅಂಬಲಿ" ಅಂದರು ಕಾಕು. ಧ್ವನಿ ಸಣ್ಣಗಿತ್ತು. ಜೋಕ್ ಮಾಡುತ್ತಿದ್ದಾರೆ, ಅಂದರೆ ಏನೂ ಆಗಿಲ್ಲ ಅಂತ ನಾನು ತೀರ್ಮಾನಿಸಿದೆ.

11.58ಕ್ಕೆ ದೊಡ್ಡ ಸರ್ಕಾರಿ ಆಸ್ಪತ್ರೆಯ ಗೇಟು ಹಾದುಹೋಯಿತು. ಹೌದು, ಅದೇ ಆಸ್ಪತ್ರೆ. ಎಮರ್ಜೆನ್ಸಿ ಬೋರ್ಡು ಓದುವಷ್ಟು ಹತ್ತಿರದಲ್ಲಿ ಹೋದೆವು. ಅದೇ ಹೊತ್ತಿಗೆ ನಾನು ಕಿವಿ ಕಣ್ಣು ಎಂಬ ಇಬ್ಬರು ಸಾಕ್ಷಿಗಳ ಕಥೆಯನ್ನು ಕಾಕುಗೆ ವಿವರಿಸುತ್ತಿದ್ದೆ.

ಗೇಟು ದಾಟಿ ಸ್ವಲ್ಪ ದೂರಕ್ಕೆ ಜಾಮ್. ಹತ್ತು ನಿಮಿಷ ಕಾರು ಅಲ್ಲಾಡಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು. ಕಾರು ನಿಂತರೆ ಐದು ನಿಮಿಷದಲ್ಲಿ ನನಗೆ ಕಡಿಮೆಯಾಗುತ್ತೆ, ಯಾವಾಗಲೂ. ಅಷ್ಟು ದೂರದಲ್ಲಿ ವಿಕ್ಟೋರಿಯಾ ಸ್ಮಾರಕದ ಬಿಳಿ ಗುಮ್ಮಟ ಕಂಡಿತು, ಕಣ್ಣಿಗೆ ಅದು ಸಿಕ್ಕಿದ್ದೇ ಪುಣ್ಯ ಅಂತ ಅಂಟಿಸಿಕೊಂಡು ಕೂತೆ.

"ಇನ್ನೂ ಸಂಕಟ ಆಗ್ಲಿಕ್ಕತ್ತದ" ಅಂದರು ಕಾಕು. "ಜಾಸ್ತಿ ಆಗೇದ."

ಇಲ್ಲಿ ನಿಲ್ಲಿ. ಚರ್ಚೆಯ ಪಾಠ ಕಲಿತ ಯಾರೇ ಆದರೂ ಇಲ್ಲಿ ನಿಲ್ಲಬೇಕಿತ್ತು. ಕಾರು ಓಡಿದ್ದರಿಂದ ಬಂದ ಕಾಯಿಲೆ ಕಾರು ನಿಂತಾಗ ಜಾಸ್ತಿ ಹೇಗೆ ಆಗುತ್ತೆ? ಇಷ್ಟು ದೊಡ್ಡ ತೂತು ಎದುರಾಳಿಯ ವಾದದಲ್ಲಿ ಇದ್ದಿದ್ದರೆ ಅದರೊಳಗೆ ಟ್ರಾಮ್ ಓಡಿಸುತ್ತಿದ್ದೆ. ನನ್ನ ವಾದದಲ್ಲಿತ್ತು, ಕಾಣಲಿಲ್ಲ.

"ಒಮ್ಮೆ ಹಿಡಿದ್ರೆ ಅರ್ಧ ಗಂಟೆ ಬಿಡಲ್ಲ ಕಾಕು, ನನಗೆ ಗೊತ್ತಲ್ವಾ" ಅಂದೆ.

ಈಗ ಗೌತಮ್‌ದಾ ಕೇಳಿದರು. "ಉನಿ ಕೀ ಬೋಲ್‌ಛೆನ್? ಶೊಂಕೊಟ್?"

ಅವರು ಏನನ್ನುತ್ತಿದ್ದಾರೆ ಅಂತ. ಬಂಗಾಳಿ ಬಾಯಲ್ಲಿ ನಮ್ಮ ಸಂಕಟ ಶೊಂಕೊಟ್ ಆಗುತ್ತೆ. "ಅದು ನಮ್ಮ ಭಾಷೆಯ ಪದ ದಾದಾ. ವಾಂತಿ ಬರೋ ಹಾಗಾಗೋದು" ಅಂತ ಹಿಂದಿಯಲ್ಲಿ ಹೇಳಿದೆ.

"ನಮ್ಮಲ್ಲೂ ಇದೆ ದೀದಿ ಆ ಪದ. ಶೊಂಕೊಟ್ ಮಾನೇ ಬಿಪೊದ್."

ಸಂಕಟ ಅಂದರೆ ವಿಪತ್ತು. ಇಲ್ಲಿನ ಟೀವಿಯಲ್ಲಿ ರೋಗಿ ಉಳಿಯುವುದು ಅನುಮಾನ ಅಂತ ಹೇಳಬೇಕಾದಾಗ ಬಳಸುವುದು ಇದೇ ಪದವನ್ನು. ನನಗೂ ಗೊತ್ತಿತ್ತು. ಆದರೆ ನನ್ನ ಹತ್ತಿರ ಉದಾಹರಣೆ ರೆಡಿ ಇತ್ತು. "ಕಾಕು ಅಂದ್ರೆ ನಿಮಗೆ ಚಿಕ್ಕಪ್ಪ, ನಮಗೆ ಚಿಕ್ಕಮ್ಮ. ಇದೂ ಹಾಗೇನೇ." ಎಂಥ ಪಾಯಿಂಟು! ತೀರ್ಪುಗಾರರಿದ್ದಿದ್ದರೆ ತಲೆಯಾಡಿಸುತ್ತಿದ್ದರು.

ಗೌತಮ್‌ದಾ ತಲೆಯಾಡಿಸಲಿಲ್ಲ. ಕನ್ನಡಿಯಿಂದ ಕಣ್ಣು ಕೀಳಲೂ ಇಲ್ಲ. "ವಾಂತಿ ಮುಖ ನನಗೆ ಚೆನ್ನಾಗಿ ಗೊತ್ತು ದೀದಿ. ಸೀಟು ತೊಳೆಯೋನು ನಾನು. ವಾಂತಿ ಬರೋರು ಕಿಟಕಿ ಹುಡುಕ್ತಾರೆ, ನೀವು ಹುಡುಕ್ತಿದ್ದೀರಲ್ಲ ಹಾಗೆ. ಇವರು ಕಣ್ಣು ಮುಚ್ಚಿದ್ದಾರೆ. ಕೈ ಇಲ್ಲಿದೆ." ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ತಮ್ಮ ಎದೆ ಮುಟ್ಟಿಕೊಂಡರು. ಗುಮ್ಮಟದಿಂದ ಕಣ್ಣು ಸರಿಸದೆ, ಓರೆಯಲ್ಲೇ ನಾನು ಅದನ್ನು ಕಂಡೆ. "ಆಸ್ಪತ್ರೆ ಹಿಂದೆನೇ ಇದೆ. ತಿರುಗಿಸಲಾ?"

ಅಲ್ಲಿಗೆ ನನಗೆ ಭಯವಾಗಬೇಕಿತ್ತು. ಭಯವಾಯಿತು ಕೂಡ. ಆದರೆ ಯಾವುದರ ಭಯ ಗೊತ್ತಾ? ಹಿಂದೆ ತಿರುಗಬೇಕಾಗುತ್ತೆ ಅನ್ನುವ ಭಯ. ತಿರುಗಿದರೆ ಈಗಷ್ಟೇ ತಣ್ಣಗಾದ ಹೊಟ್ಟೆ ಮತ್ತೆ ಏಳುತ್ತೆ ಅನ್ನುವ ಭಯ. ಅದಕ್ಕೇ ವಾದ ಮಾಡಿದೆ. ಭಾನುವಾರ ಆಸ್ಪತ್ರೆಯಲ್ಲಿ ಯಾರಿರುತ್ತಾರೆ? ರೈಲು ಬಂದು ಅವರ ತಂಗಿ ಸ್ಟೇಷನ್ನಿನಲ್ಲಿ ಒಬ್ಬರೇ ನಿಂತರೆ? ಬೇಕಾದರೆ ಅವರನ್ನೇ ಕೇಳೋಣ.

"ಕಾಕು, ಆಸ್ಪತ್ರೆಗೆ ಹೋಗೋದು ಬೇಡ ಅಲ್ವಾ?"

(ಪ್ರಶ್ನೆ ಕೇಳಿದ ರೀತಿ ಗಮನಿಸಿ.)

"ಬ್ಯಾಡ" ಅಂದರು ಕಾಕು. "ನೀ ಹೇಳೀಯಲ್ಲಾ. ಕಡಿಮಿ ಆಗ್ತದ."

ನಾನು ಗೆದ್ದೆ.

ಜಾಮ್ ಸಡಿಲವಾಯಿತು. ಕಾರು ಎರಡು ಸಲ ಜರ್ಕ್ ಹೊಡೆಯಿತು, ನನ್ನ ಹೊಟ್ಟೆ ಗಂಟಲಿಗೆ ಬಂತು. ಮೈದಾನದ ಪಕ್ಕ ನಿಲ್ಲಿಸಿ ಅಂತ ಕಿರುಚಿದೆ. 12.13. ಇಳಿದು ಮರ ಹಿಡಿದು, ಕಾರಿಗೆ ಬೆನ್ನು ಹಾಕಿ, ಬಗ್ಗಿ ನಿಂತೆ. ಏನೂ ಬರಲಿಲ್ಲ. ಹಿಂದಿನ ಬಾಗಿಲು ತೆಗೆದ ಸದ್ದು ಕೇಳಿತು.

"ದೀದಿ. ಒಂದು ಸಲ ತಿರುಗಿ ನೋಡಿ."

ನೋಡಿದೆ.

ಕಾಕುವಿನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ತುಟಿಗೂ ಗಲ್ಲಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ಬಲಗೈ ಸೆರಗಿನೊಳಗೆ ಎದೆಯ ಮೇಲೆ, ಜೋರಾಗಿ ಒತ್ತಿದ್ದರಿಂದ ಗೆಣ್ಣುಗಳೆಲ್ಲ ಎದ್ದು ಕಾಣುತ್ತಿದ್ದವು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು. ಆ ನಗು ಅರ್ಧಕ್ಕೇ ನಿಂತಿತು.

ಅವರು ಎಷ್ಟು ಹೊತ್ತಿನಿಂದ ಹೀಗೇ ಕೂತಿದ್ದರು? ಗೊತ್ತಿಲ್ಲ. ಹಾಜ್ರಾದಿಂದ ಇಲ್ಲಿಯವರೆಗೆ ನಾನು ಅವರ ಮುಖ ಒಂದು ಸಲವೂ ನೋಡಿರಲಿಲ್ಲ.

ಹಿಂದೆ ಹತ್ತಿ ಅವರನ್ನು ಹಿಡಿದುಕೊಂಡೆ. ಗೌತಮ್‌ದಾ ಗೇಟಿನವರೆಗೆ ಹೇಗೆ ಓಡಿಸಿದರೋ ನಾನು ಬರೆಯುವುದಿಲ್ಲ, ಅವರ ಲೈಸೆನ್ಸಿಗೆ ತೊಂದರೆ. ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಎದುರಿನಿಂದ ಒಂದು ಮಿನಿಬಸ್ಸು ಬಂತು, ಅದು ಪಕ್ಕಕ್ಕೆ ಸರಿಯಿತು, ನಾವು ಸರಿಯಲಿಲ್ಲ. ನಿಜವಾಗಿ ಹೆದರಿದರೆ ವಾಕರಿಕೆ ಮಾಯವಾಗುತ್ತೆ ಅನ್ನುವವರ ಗಮನಕ್ಕೆ: ಆಗುವುದಿಲ್ಲ. ಒಂದು ಕೈಯಲ್ಲಿ ಕಾಕುವಿನ ತಲೆ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿದ ದುಪಟ್ಟಾದೊಳಗೆ ವಾಂತಿ ಮಾಡಿಕೊಂಡೆ. ಕಣ್ಣು ತೆರೆಯದೆ ಕಾಕು ಅಂದರು, "ಕಿಟಕಿ ಕಡೆ ನೋಡವ್ವಾ."

12.19, ಗೇಟು.

ಸ್ಟ್ರೆಚರ್ ಬಂತು. ಇಸಿಜಿ. ಓಡಾಟ. ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ನನ್ನಷ್ಟೇ ವಯಸ್ಸಿರಬೇಕು. "ನೋವು ಎಷ್ಟು ಹೊತ್ತಿಗೆ ಶುರುವಾಯಿತು?" ಅಂತ ಕೇಳಿದರು. ನೋವಾ? ನೋವು ಅಂತ ಅವರು ಹೇಳಿಯೇ ಇಲ್ಲವಲ್ಲ? ಸಂಕಟ ಅಂದರು. ಎಲ್ಲಿ ಅಂತ ನಾನು ಕೇಳಲೇ ಇಲ್ಲ.

ಕಾಕುವಿನ ರಕ್ತನಾಳಕ್ಕೆ ಸ್ಟೆಂಟ್ ಹಾಕುತ್ತಿರುವಾಗ ಶಾರದಾ ಅವರು ಹೌರಾದಿಂದ ಟ್ಯಾಕ್ಸಿ ಮಾಡಿಕೊಂಡು, ಎರಡು ಸೂಟ್‌ಕೇಸು ಎಳೆದುಕೊಂಡು ಬಂದರು. ಕಾರಿಡಾರಿನ ಬೆಂಚಿನ ಮೇಲೆ ಕೂತು ಅಳುತ್ತಾ ಅಂದರು, "ಮುಂಜಾನೆ ರೈಲಾಗಿಂದ ಫೋನ್ ಮಾಡಿದಾಗನ ಹೇಳಿದ್ಲು, ಎದ್ಯಾಗ ಒಂದ್ ನಮೂನಿ ಸಂಕಟ ಆಗ್ಲಿಕ್ಕತ್ತದ ಅಂತ. ದವಾಖಾನಿಗೆ ಹೋಗು ಅಂದೆ. ನೀ ಬಂದ ಮ್ಯಾಲೆ ಹೋಗೂಣಂತ ಅಂದ್ಲು."

"ಸಂಕಟ ಅಂದ್ರೆ ನಿಮ್ಮ ಕಡೆ..." ಅಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಸಂಕಟ ಅಂದ್ರ ಸಂಕಟವಾ. ಎದಿ ಹಿಂಡಿಧಂಗ ಆಗ್ತದ, ಉಸರ ಹತ್ತೂದಿಲ್ಲ."

"ವಾಂತಿ ಬರೋ ಹಾಗಾದ್ರೆ?"

"ಹೊಟ್ಟಿ ತೊಳಸ್ತದ ಅಂತೇವಿ."

ಒಂದೇ ಕಾರು, ಒಂದೇ ಕನ್ನಡ. ಆ ಪದವನ್ನು ಸರಿಯಾಗಿ ಕೇಳಿಸಿಕೊಂಡವರು ಮಾತ್ರ ಕನ್ನಡ ಬಾರದ ಒಬ್ಬರೇ.

ಶಾರದಾ ಅವರಿಗೆ ಅಲ್ಲೇ ಎಲ್ಲವನ್ನೂ ಹೇಳಿದೆ. ಪೆಪ್ಪರಮಿಂಟು, ಗುಮ್ಮಟ, ಹಿಂದೆ ಬಿಟ್ಟು ಬಂದ ಗೇಟು. ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು. ಸಂಜೆ ಗ್ರೂಪಿನಲ್ಲಿ ಬಂದದ್ದು ಬೇರೆಯೇ ಕಥೆ. ಅದರಲ್ಲಿ ಗೌತಮ್‌ದಾ ಹೆಸರಿಲ್ಲ, "ಡ್ರೈವರ್ ಕೂಡ ಒಳ್ಳೆಯವನು" ಅಂತ ಅರ್ಧ ಸಾಲಿದೆ. ತಿದ್ದುಪಡಿ ಕಳಿಸಿದೆ. "ಎಂಥ ವಿನಯ!" ಅಂತ ಮತ್ತೆ ಹತ್ತು ಕೈಮುಗಿದ ಇಮೋಜಿ ಬಂದವು. ಒಳ್ಳೆಯ ಕಥೆಯನ್ನು ಸೋಲಿಸುವುದು ಎಷ್ಟು ಕಷ್ಟ ನೋಡಿ.

ನನ್ನನ್ನು ಹೆದರಿಸಿರುವುದು ಒಂದು ಪದದ ಅರ್ಥ ತಪ್ಪಿದ್ದಷ್ಟೇ ಅಂದುಕೊಂಡರೆ ನಾನು ಸುಲಭವಾಗಿ ಪಾರಾದ ಹಾಗೆ. ಪದ ಯಾರಿಗೂ ತಪ್ಪಬಹುದು. "ನಿನಗೇನೂ ಆಗಿಲ್ಲ, ಎಲ್ಲಾ ಮನಸ್ಸಲ್ಲಿರೋದು" ಅಂತ ನನಗೆ ಹೇಳಿದವರ ಮೇಲೆ ಇಪ್ಪತ್ತು ವರ್ಷ ಹಲ್ಲು ಕಡಿದವಳು ನಾನು. ಅವಕಾಶ ಸಿಕ್ಕ ಮೊದಲ ದಿನವೇ ಇನ್ನೊಬ್ಬರಿಗೆ "ನಿಮಗೆ ಆಗಿರೋದು ಇದೇ" ಅಂತ ಹೇಳಿದೆ. ಅವರ ಕಡೆ ನೋಡದೆ. ನೂರಕ್ಕೆ ನೂರು ಅಂತ, ಅದೂ ಗಣಿತದ ಟೀಚರಿಗೆ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರುತ್ತಾರಲ್ಲ? ಯಾರಿಗೆ ಯಾವ ಕಾಯಿಲೆ, ಯಾರಿಗೆ ಎಷ್ಟು ನೋವು ಅಂತ ತೀರ್ಮಾನಿಸುವವರು? ಚೆನ್ನಾಗಿ ಮಾತಾಡುವವರೇ ಆಗಿರುತ್ತಾರೆ. ಪರೀಕ್ಷಿಸಿ.

ಹೋದ ಶುಕ್ರವಾರ ಕಾಕುವನ್ನು ಚೆಕಪ್ಪಿಗೆ ಕರೆದೊಯ್ಯಬೇಕಿತ್ತು. ಮತ್ತೆ ಕಾರು. ಈ ಸಲ ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತೆ, ಅವರ ಕಡೆಗೇ ಮುಖ ಮಾಡಿ. ನಾಲ್ಕನೇ ನಿಮಿಷಕ್ಕೇ ಬಾಯಲ್ಲಿ ನೀರು. ಆದರೂ ಕಣ್ಣು ತೆಗೆಯಲಿಲ್ಲ. ಅವರ ತುಟಿಯ ಬಣ್ಣ ನೋಡುತ್ತಿದ್ದೆ, ಕೈ ಎಲ್ಲಿದೆ ನೋಡುತ್ತಿದ್ದೆ, ಅವರು ಒಂದು ಸಲ ಕೆಮ್ಮಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ವಾಂತಿಯ ಭಯಕ್ಕೆ ಒಂದು ಕೊನೆಯಿದೆ, ಇಳಿದರೆ ಮುಗಿಯಿತು. ಇದು ಇಳಿದರೂ ಹೋಗುವುದಿಲ್ಲ ಅಂತ ಈಗ ಗೊತ್ತಾಗುತ್ತಿದೆ.

"ನನ್ನ ಮುಖಾ ಯಾಕ ನೋಡ್ತಿ, ರಸ್ತಾ ನೋಡ" ಅಂದರು ಕಾಕು. "ಆಮ್ಯಾಲೆ ಹೊಟ್ಟಿ ತೊಳಸ್ತದ ಅಂತ ಕುಂಡ್ರತಿ."

"ಕಾಕು, ಆವತ್ತು ಬೆಳಿಗ್ಗೆಯೇ ನೀವು ತಂಗಿಗೆ ಎದೆ ಅಂತ ಹೇಳಿದ್ರಂತೆ."

ಅವರು ಕಿಟಕಿಯ ಹೊರಗೆ ನೋಡಿದರು. "ಈ ಸಲ ಪೆಂಡಾಲ ಭಾಳ ಎತ್ತರ ಮಾಡ್ಯಾರ ನೋಡ."

"ಎದೆ ಅಂತ ನಿಮಗೆ ಗೊತ್ತಿತ್ತು. ಅದು ವಾಂತಿಯಲ್ಲ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಆಸ್ಪತ್ರೆ ಪಕ್ಕದಲ್ಲೇ ಇತ್ತು."

ನನ್ನ ತಲೆ ಸುತ್ತುತ್ತಿತ್ತು. ಆದರೂ ಅವರ ಮುಖದಿಂದ ಕಣ್ಣು ತೆಗೆಯದೆ ಕೇಳಿದೆ.

"ನಾನು ಹೇಳಿದ್ದು ತಪ್ಪು ಅನ್ನೋಕೆ ನಿಮಗೆ ಅಷ್ಟು ಭಯ ಆಯ್ತಾ, ಕಾಕು?"